ಫಂಕ್ಷನ್, ಪ್ರೊಸೀಜರ್, ಸಬ್‌ರೂಟೀನ್, ಮೆಥಡ್: ಒಂದೇ ಕೆಲಸಕ್ಕೆ ಇಷ್ಟು ಹೆಸರು ಯಾಕೆ?

ಭಾಗ 1/8 | ವೈವಾದ ಪ್ರಶ್ನೆ

ನಮ್ಮ ಕಡೆ "ಫಂಕ್ಷನ್" ಅಂದ ತಕ್ಷಣ ಮೊದಲು ನೆನಪಾಗೋದು ಊಟ. ಮದುವೆ ಫಂಕ್ಷನ್, ನಾಮಕರಣದ ಫಂಕ್ಷನ್, ಗೃಹಪ್ರವೇಶದ ಫಂಕ್ಷನ್. ಪಿಯುಸಿ ಗಣಿತಕ್ಕೆ ಬಂದ್ರೆ ಅದೇ ಪದ ಎಫ್ ಆಫ್ ಎಕ್ಸ್ ಆಗುತ್ತೆ. ಕಂಪ್ಯೂಟರ್ ಲ್ಯಾಬಿಗೆ ಹೋದ್ರೆ ಮೂರನೇ ಅರ್ಥ. ಅಲ್ಲಿ ಅದರ ಜೊತೆಗೆ ಪ್ರೊಸೀಜರ್, ಸಬ್‌ರೂಟೀನ್, ಮೆಥಡ್ ಅಂತ ನೆಂಟರು ಬೇರೆ ಇದ್ದಾರೆ.

ವೈವಾದಲ್ಲಿ ಪದೇ ಪದೇ ಬರೋ ಪ್ರಶ್ನೆ ಗೊತ್ತಲ್ಲ: "ಫಂಕ್ಷನ್‌ಗೂ ಪ್ರೊಸೀಜರ್‌ಗೂ ವ್ಯತ್ಯಾಸ ಏನು?" ಎಲ್ಲರ ಬಾಯಲ್ಲೂ ರೆಡಿ ಇರೋ ಉತ್ತರ ಒಂದೇ: ಫಂಕ್ಷನ್ ಬೆಲೆಯನ್ನು ವಾಪಸ್ ಕೊಡುತ್ತೆ, ಪ್ರೊಸೀಜರ್ ಕೊಡಲ್ಲ. ಮಾರ್ಕ್ಸ್ ಸಿಗುತ್ತೆ, ಮುಂದಿನವರ ಸರದಿ.

ಆದ್ರೆ ಈ ಉತ್ತರ ಪ್ಯಾಸ್ಕಲ್ ಭಾಷೆಗೆ ಸರಿ. ಆಲ್ಗಾಲ್‌ಗೆ ತಪ್ಪು, ಅಲ್ಲಿ ಪ್ರೊಸೀಜರ್ ಕೂಡ ಬೆಲೆ ಕೊಡುತ್ತೆ. ಸ್ಕೀಮ್ ಭಾಷೆಗೂ ತಪ್ಪು. ಸಿ ಭಾಷೆಯಲ್ಲಂತೂ ಪ್ರಶ್ನೆಗೇ ಅರ್ಥ ಇಲ್ಲ, ಯಾಕಂದ್ರೆ ಅಲ್ಲಿ ಪ್ರೊಸೀಜರ್ ಅನ್ನೋ ಪದವೇ ಇಲ್ಲ.

ಹಾಗಾದ್ರೆ ವ್ಯತ್ಯಾಸವೇ ಇಲ್ವಾ? ಇದೆ. ಆದ್ರೆ ಅದು ಪದದಲ್ಲಿ ಇಲ್ಲ. "ಉತ್ತರ ಕೊಡೋದು" ಮತ್ತು "ಕೆಲಸ ಮಾಡೋದು" ಅನ್ನೋ ಎರಡು ಬೇರೆ ಬೇರೆ ಆಲೋಚನೆಗಳಲ್ಲಿದೆ. ಎಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ಒಂದೊಂದು ಭಾಷೆ ಇವೆರಡನ್ನೂ ಒಂದೊಂದು ರೀತಿ ಹೆಸರಿಟ್ಟು ಕರೆದಿದೆ. ನಾವು ಇವತ್ತು ಬರೆಯೋ ಕೋಡ್‌ನಲ್ಲಿ ಎಷ್ಟೋ ಬಗ್‌ಗಳು ಹುಟ್ಟೋದು ಈ ಹೆಸರುಗಳ ಗೊಂದಲದಿಂದಲೇ. ಆ ಕಥೆ ಈ ಸರಣಿಯಲ್ಲಿ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಭಾಗ 2/8 | ಪದ ಹುಟ್ಟಿದ್ದು ಕಂಪ್ಯೂಟರ್‌ಗಿಂತ ಮೊದಲು

ಫಂಕ್ಷನ್ ಪದದ ಬೇರು ಲ್ಯಾಟಿನ್ ಭಾಷೆಯದು. ಮೂಲ ಅರ್ಥ ನಿರ್ವಹಣೆ, ಅಂದ್ರೆ ವಹಿಸಿದ ಕೆಲಸ ನೆರವೇರಿಸೋದು. ಮದುವೆ ಫಂಕ್ಷನ್‌ನಲ್ಲಿ ನಾವು ಬಳಸೋದು ಈ ಹಳೇ ಅರ್ಥದ ಮುಂದುವರಿಕೆಯನ್ನೇ. ಶಾಸ್ತ್ರವನ್ನ ನೆರವೇರಿಸೋದು, ಅಷ್ಟೇ.

ಈ ಪದವನ್ನ ಗಣಿತಕ್ಕೆ ತಂದವರು ಜರ್ಮನಿಯ ಲೈಬ್ನಿಜ್. 1673ರ ಅವರ ಹಸ್ತಪ್ರತಿಯಲ್ಲೇ ಇದು ಸಿಗುತ್ತೆ. ಅವರು ಯೋಚಿಸ್ತಿದ್ದದ್ದು ವಕ್ರರೇಖೆಗಳ ಬಗ್ಗೆ. ರೇಖೆಯ ಮೇಲಿನ ಒಂದು ಬಿಂದು ಸರಿದ ಹಾಗೆ ಬದಲಾಗೋ ಉದ್ದಗಳಿಗೆ ಈ ಹೆಸರು ಕೊಟ್ರು. ಆಮೇಲೆ 1718ರಲ್ಲಿ ಯೋಹಾನ್ ಬರ್ನೂಲಿ, 1748ರ ಪುಸ್ತಕದಲ್ಲಿ ಆಯ್ಲರ್ ಇದನ್ನ ಇನ್ನಷ್ಟು ಖಚಿತ ಮಾಡಿದ್ರು. ನಾವು ಬರೆಯೋ ಎಫ್ ಆಫ್ ಎಕ್ಸ್ ಗುರುತು ಆಯ್ಲರ್ ಅವರದ್ದೇ ಕೊಡುಗೆ.

ಇಲ್ಲೊಂದು ವಿಷಯ ಗಮನಿಸಿ. ಗಣಿತದ ಫಂಕ್ಷನ್ ಏನನ್ನೂ "ಮಾಡಲ್ಲ". 3ರ ವರ್ಗ 9. ನೀವು ಇವತ್ತು ಕೇಳಿದ್ರೂ 9, ನಾಳೆ ಕೇಳಿದ್ರೂ 9, ಹತ್ತು ಸಲ ಕೇಳಿದ್ರೂ 9. ಕೇಳಿದ್ದರಿಂದ ಜಗತ್ತಿನಲ್ಲಿ ಏನೂ ಬದಲಾಗಲ್ಲ. ಕಾಗದ ಪ್ರಿಂಟ್ ಆಗಲ್ಲ, ಫೈಲ್ ಡಿಲೀಟ್ ಆಗಲ್ಲ, ದುಡ್ಡು ಕಟ್ ಆಗಲ್ಲ.

ಅಂದ್ರೆ "ನೆರವೇರಿಸು" ಅನ್ನೋ ಅರ್ಥದಿಂದ ಹುಟ್ಟಿದ ಪದ, ಗಣಿತಕ್ಕೆ ಬಂದ ಮೇಲೆ ಕೆಲಸದ ವಾಸನೆಯನ್ನೇ ಕಳ್ಕೊಳ್ತು. ಅದು ಬರೀ ಸಂಬಂಧವಾಯ್ತು: ಇದನ್ನ ಕೊಟ್ರೆ ಅದು. ಕಂಪ್ಯೂಟರ್ ಬಂದಾಗ ಇದೇ ಪದವನ್ನ ಮತ್ತೆ ಕೆಲಸಕ್ಕೆ ಹಚ್ಚಿದ್ರು. ಆದ್ರೆ ತಕ್ಷಣ ಅಲ್ಲ. ಮೊದಲ ಪ್ರೋಗ್ರಾಮರ್‌ಗಳ ಬಾಯಲ್ಲಿ ಇದ್ದ ಪದವೇ ಬೇರೆ.

ಭಾಗ 3/8 | ಹೂಳು ಮತ್ತು ತೆಗೆ

1940ರ ದಶಕದಲ್ಲಿ ಇಡೀ ಪ್ರೋಗ್ರಾಂಗೆ "ರೂಟೀನ್" ಅಂತಿದ್ರು. ಅದರೊಳಗೆ ಮತ್ತೆ ಮತ್ತೆ ಬೇಕಾಗೋ ತುಂಡು "ಸಬ್‌ರೂಟೀನ್". ಯಾವ ತತ್ವಶಾಸ್ತ್ರವೂ ಇಲ್ಲದ, ಸೀದಾಸಾದಾ ಹೆಸರು.

ಅಮೆರಿಕದ ಎನಿಯಾಕ್ ಯಂತ್ರ 1946ರ ಫೆಬ್ರವರಿಯಲ್ಲಿ ಸಾರ್ವಜನಿಕರ ಮುಂದೆ ಬಂತು. ಅದಕ್ಕೆ ಪ್ರೋಗ್ರಾಂ ಮಾಡ್ತಿದ್ದ ಮೂಲ ತಂಡದಲ್ಲಿ ಇದ್ದವರು ಆರು ಜನ ಹೆಣ್ಣುಮಕ್ಕಳು. ಕೀಬೋರ್ಡ್ ಇಲ್ಲ, ಸ್ಕ್ರೀನ್ ಇಲ್ಲ. ವೈರ್ ಚುಚ್ಚಬೇಕು, ಸ್ವಿಚ್ ತಿರುಗಿಸಬೇಕು. ಒಂದೇ ಲೆಕ್ಕದ ಸರಣಿಯನ್ನ ಪದೇ ಪದೇ ಬಳಸೋ ಉಪಾಯದ ಶ್ರೇಯವನ್ನ ಆ ತಂಡದ ಕೇ ಮೆಕ್‌ನಲ್ಟಿ ಅವರಿಗೆ ಕೊಡುವವರಿದ್ದಾರೆ. ಮುಂದೆ ಅವರು ಮದುವೆಯಾದದ್ದು ಎನಿಯಾಕ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಮಾಕ್ಲಿಯವರನ್ನ. 1947ರ ಜನವರಿಯಲ್ಲಿ ಹಾರ್ವರ್ಡ್‌ನಲ್ಲಿ ನಡೆದ ಸಮಾವೇಶದಲ್ಲಿ ಸಬ್‌ರೂಟೀನ್ ಬಗ್ಗೆ ಮಾತಾಡಿದವರು ಇದೇ ಮಾಕ್ಲಿ.

ಇಂಗ್ಲೆಂಡಿನಲ್ಲಿ ಅಲನ್ ಟ್ಯೂರಿಂಗ್ ಇನ್ನೂ ಮೊದಲೇ, 1945ರ ಕೊನೆಗೆ, ತಮ್ಮ ಏಸ್ ಯಂತ್ರದ ವರದಿಯಲ್ಲಿ ಇದನ್ನ ಯೋಚಿಸಿದ್ರು. ಅವರು ಬಳಸಿದ ಹೆಸರು "ಸಬ್ಸಿಡಿಯರಿ ಆಪರೇಷನ್", ಅಂದ್ರೆ ಉಪಕಾರ್ಯ. ಉಪಕಾರ್ಯಕ್ಕೆ ಹೋಗೋ ಮೊದಲು "ನಾನು ಎಲ್ಲಿಂದ ಹೊರಟೆ" ಅನ್ನೋ ವಿಳಾಸವನ್ನ ನೆನಪಿಟ್ಟುಕೊಳ್ಳಬೇಕಲ್ಲ, ಅದಕ್ಕೆ ಅವರಿಟ್ಟ ಹೆಸರು "ಬರಿ", ಅಂದ್ರೆ ಹೂಳು. ವಾಪಸ್ ಬರೋವಾಗ "ಅನ್‌ಬರಿ", ಅಂದ್ರೆ ಹೂತದ್ದನ್ನ ತೆಗೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳ ತುಂಬಿಡ್ತಿದ್ದ ನೆಲದೊಳಗಿನ ಹಗೇವು ನೆನಪಿಸ್ಕೊಳ್ಳಿ. ಕೊನೆಗೆ ಸುರಿದ ಕಾಳು ಮೇಲೆ ಇರುತ್ತೆ, ಅದೇ ಮೊದಲು ಹೊರಗೆ ಬರುತ್ತೆ. ಇವತ್ತು ನಾವು ಡೇಟಾ ಸ್ಟ್ರಕ್ಚರ್ ಕ್ಲಾಸಿನಲ್ಲಿ ಓದೋ ಸ್ಟ್ಯಾಕ್ ಇದೇ. ಮುಂದೆ ಮ್ಯೂನಿಕ್‌ನ ಬಾವರ್ ಮತ್ತು ಸ್ಯಾಮಲ್‌ಸನ್ 1957ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದಾಗ ಇದಕ್ಕೆ ಬಳಸಿದ ಜರ್ಮನ್ ಪದ "ಕೆಲ್ಲರ್". ಅದರ ಅರ್ಥ ನೆಲಮಾಳಿಗೆ! ಇಬ್ಬರಿಗೂ ಹೊಳೆದದ್ದು ನೆಲದ ಕೆಳಗಿನ ಜಾಗವೇ.

ಭಾಗ 4/8 | ಬೀರುವಿನಲ್ಲಿದ್ದ ಲೈಬ್ರರಿ

1949ರ ಮೇ 6. ಕೇಂಬ್ರಿಜ್‌ನಲ್ಲಿ ಎಡ್ಸ್ಯಾಕ್ ಯಂತ್ರ ತನ್ನ ಮೊದಲ ಪ್ರೋಗ್ರಾಂ ಓಡಿಸಿ ವರ್ಗಗಳ ಪಟ್ಟಿ ಮುದ್ರಿಸ್ತು. ಶುರುವಿನಲ್ಲಿ ಅದರ ಮೆಮೊರಿ ಬರೀ 512 ಪದಗಳು, ಅದೂ ಪಾದರಸದ ಕೊಳವೆಗಳಲ್ಲಿ. ಯಂತ್ರದ ಮುಖ್ಯಸ್ಥ ಮಾರಿಸ್ ವಿಲ್ಕ್ಸ್‌ಗೆ ಕೆಲವೇ ವಾರಗಳಲ್ಲಿ ಒಂದು ಕಹಿ ಸತ್ಯ ಗೊತ್ತಾಯ್ತು: ಮುಂದಿನ ಆಯಸ್ಸಿನ ದೊಡ್ಡ ಪಾಲು ತಾನೇ ಬರೆದ ಪ್ರೋಗ್ರಾಂಗಳ ತಪ್ಪು ಹುಡುಕೋದ್ರಲ್ಲೇ ಕಳೆಯುತ್ತೆ ಅಂತ. ಮೆಟ್ಟಿಲ ತಿರುವಿನಲ್ಲಿ ಈ ಯೋಚನೆ ಬಂತು ಅಂತ ಆಮೇಲೆ ಅವರೇ ಬರ್ಕೊಂಡಿದ್ದಾರೆ.

ಅದಕ್ಕೆ ಪರಿಹಾರ ಏನು? ಒಮ್ಮೆ ಸರಿಯಾಗಿ ಬರೆದು ಪರೀಕ್ಷಿಸಿದ ತುಂಡನ್ನ ಮತ್ತೆ ಯಾರೂ ಬರೀಬಾರದು. ಅವರ ಜೊತೆಗಿದ್ದ ಸಂಶೋಧನಾ ವಿದ್ಯಾರ್ಥಿ ಡೇವಿಡ್ ವೀಲರ್‌ಗೆ ಆಗ 22 ವರ್ಷ, ಹೆಚ್ಚುಕಮ್ಮಿ ನಮ್ಮದೇ ವಯಸ್ಸು. ಸಬ್‌ರೂಟೀನ್‌ಗಳನ್ನ ತೂತು ಹೊಡೆದ ಪೇಪರ್ ಟೇಪ್‌ಗಳಲ್ಲಿ ಬೀರುವಿನಲ್ಲಿ ಇಟ್ಟಿರ್ತಿದ್ರು. ಬೇಕಾದವರು ಅದನ್ನ ತಂದು ತಮ್ಮ ಟೇಪಿಗೆ ಯಂತ್ರದಿಂದಲೇ ಕಾಪಿ ಮಾಡ್ಕೋಬಹುದಿತ್ತು. 1951ರ ಹೊತ್ತಿಗೆ ಇಂಥ 87 ಸಬ್‌ರೂಟೀನ್‌ಗಳಿದ್ದವು. ಅದೇ ವರ್ಷ ವಿಲ್ಕ್ಸ್, ವೀಲರ್, ಗಿಲ್ ಮೂವರೂ ಸೇರಿ ಪ್ರೋಗ್ರಾಮಿಂಗ್ ಪುಸ್ತಕವನ್ನೂ ತಂದ್ರು. ನಾವು "ಲೈಬ್ರರಿ ಇಂಪೋರ್ಟ್ ಮಾಡು" ಅಂತೀವಲ್ಲ, ಆಗ ಅದು ನಿಜವಾದ ಬೀರು.

ಎಡ್ಸ್ಯಾಕ್‌ನಲ್ಲಿ "ಕಾಲ್" ಅನ್ನೋ ಆಜ್ಞೆಯೇ ಇರಲಿಲ್ಲ. ವೀಲರ್ ಒಂದು ಉಪಾಯ ಮಾಡಿದ್ರು. ಹೊರಡೋ ಜಾಗದ ಗುರುತನ್ನ ಸಬ್‌ರೂಟೀನ್‌ನ ಕೈಗೆ ಕೊಟ್ಟು ಕಳಿಸೋದು. ಅದು ತನ್ನ ಕೊನೇ ಸಾಲಿನಲ್ಲಿ ತಾನೇ ವಾಪಸ್ ದಾರಿಯನ್ನ ಬರ್ಕೊಳ್ಳೋದು. ಇದಕ್ಕೆ "ವೀಲರ್ ಜಂಪ್" ಅಂತ ಹೆಸರಾಯ್ತು.

ಅಮೆರಿಕದಲ್ಲಿ ಗ್ರೇಸ್ ಹಾಪರ್ ಕೂಡ ಇದೇ ತಲೆನೋವು ಕಂಡಿದ್ರು. ಜನ ಒಬ್ಬರ ನೋಟ್‌ಬುಕ್ಕಿಂದ ಇನ್ನೊಬ್ಬರು ಕೋಡ್ ಕಾಪಿ ಮಾಡೋವಾಗ ಅಕ್ಷರ ತಪ್ಪುತ್ತಿತ್ತು. 1952ರ ಅವರ ಎ-ಝೀರೋ ವ್ಯವಸ್ಥೆಯಲ್ಲಿ ಪ್ರತಿ ಸಬ್‌ರೂಟೀನ್‌ಗೂ ಒಂದು ನಂಬರ್. ಯಂತ್ರವೇ ಅವನ್ನ ಹುಡುಕಿ, ಸಂಕಲಿಸಿ, ಪ್ರೋಗ್ರಾಂ ಕಟ್ಟುತ್ತಿತ್ತು. "ಕಂಪೈಲರ್" ಅನ್ನೋ ಪದ ಬಂದದ್ದು ಹೀಗೆ. ಅದರ ನೇರ ಅರ್ಥವೇ ಸಂಕಲಿಸೋದು.

ಭಾಗ 5/8 | ನಾಮಪದ, ಕ್ರಿಯಾಪದ, ಮತ್ತೆ ಒಂದು ಜಗಳ

1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಹೊರತಂತು. ಗಣಿತದ ಸೂತ್ರವನ್ನ ಹೆಚ್ಚುಕಮ್ಮಿ ಇದ್ದ ಹಾಗೇ ಬರೀಬಹುದು ಅನ್ನೋದೇ ಅದರ ಆಕರ್ಷಣೆ. ಹಾಗಾಗಿ ಸೈನ್, ವರ್ಗಮೂಲ ಇವೆಲ್ಲ "ಫಂಕ್ಷನ್" ಅನ್ನೋ ಗಣಿತದ ಹೆಸರಿನಲ್ಲೇ ಒಳಗೆ ಬಂದವು. ಮರುವರ್ಷ, 1958ರ ಫೋರ್ಟ್ರಾನ್ 2ರಲ್ಲಿ, ಎರಡು ಪದಗಳು ಅಕ್ಕಪಕ್ಕ ನಿಂತವು: ಫಂಕ್ಷನ್ ಮತ್ತು ಸಬ್‌ರೂಟೀನ್.

ವ್ಯಾಕರಣದ ಕಣ್ಣಿಂದ ನೋಡಿದ್ರೆ ತುಂಬ ಸುಲಭ. ಫಂಕ್ಷನ್ ನಾಮಪದದ ಹಾಗೆ. "9ರ ವರ್ಗಮೂಲ" ಅನ್ನೋದನ್ನ 3 ಅನ್ನೋ ಜಾಗದಲ್ಲಿ ಕೂರಿಸಬಹುದು: 9ರ ವರ್ಗಮೂಲಕ್ಕೆ 2 ಕೂಡಿಸು. ಸಬ್‌ರೂಟೀನ್ ಕ್ರಿಯಾಪದದ ಹಾಗೆ: "ಪಟ್ಟಿ ಮುದ್ರಿಸು." ಇದಕ್ಕೆ 2 ಕೂಡಿಸೋಕೆ ಆಗಲ್ಲ. ಅದಕ್ಕೇ ಫೋರ್ಟ್ರಾನ್‌ನಲ್ಲಿ ಸಬ್‌ರೂಟೀನ್‌ಗೆ ಮುಂದೆ "ಕಾಲ್" ಅಂತ ಬರೀಲೇಬೇಕು. ಫಂಕ್ಷನ್‌ಗೆ ಬೇಡ.

ಅತ್ತ ಯೂರೋಪ್ ಮತ್ತು ಅಮೆರಿಕದವರು ಸೇರಿ ಆಲ್ಗಾಲ್ ರೂಪಿಸ್ತಿದ್ರು. 1960ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಸಭೆ ನಡೀತು. ಪೀಟರ್ ನೌರ್ ಸಂಪಾದಿಸಿದ ವರದಿಯಲ್ಲಿ 13 ಜನ ಲೇಖಕರ ಹೆಸರಿದೆ. ಅವರು ಆರಿಸಿದ್ದು ಒಂದೇ ಪದ: ಪ್ರೊಸೀಜರ್. ಬೆಲೆ ಕೊಡೋದಿದ್ರೆ ಮುಂದೆ ಅದರ ಜಾತಿ ಸೇರಿಸೋದು: "ರಿಯಲ್ ಪ್ರೊಸೀಜರ್", "ಇಂಟಿಜರ್ ಪ್ರೊಸೀಜರ್".

ಜಗಳ ಇದ್ದದ್ದು ರಿಕರ್ಶನ್ ಬಗ್ಗೆ. ಒಂದು ಪ್ರೊಸೀಜರ್ ತನ್ನನ್ನೇ ಕರೆಯಬಹುದಾ? ವೀಲರ್ ಜಂಪ್ ನೆನಪಿಸ್ಕೊಳ್ಳಿ. ವಾಪಸ್ ದಾರಿ ಬರೆಯೋಕೆ ಒಂದೇ ಜಾಗ. ಎರಡನೇ ಸಲ ಕರೆದ್ರೆ ಮೊದಲ ವಿಳಾಸ ಅಳಿಸಿಹೋಗುತ್ತೆ, ಮನೆಗೆ ಹೋಗೋ ದಾರಿಯೇ ಇಲ್ಲ. ರಿಕರ್ಶನ್ ಬೇಕಂದ್ರೆ ಪ್ರತಿ ಕರೆಗೂ ಬೇರೆ ವಿಳಾಸ ಹೂಳೋ ಹಗೇವು ಬೇಕು. ಕೊನೆಗೆ ಆಲ್ಗಾಲ್ 60 ರಿಕರ್ಶನ್‌ಗೆ ಜಾಗ ಕೊಟ್ಟಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡೈಕ್‌ಸ್ಟ್ರಾ ಮತ್ತು ಝೊನೆವೆಲ್ಡ್ ಅದನ್ನ ನಡೆಸಬಲ್ಲ ಕಂಪೈಲರ್ ಮುಗಿಸಿದ್ರು. ಫ್ಯಾಕ್ಟೋರಿಯಲ್ ಪ್ರೋಗ್ರಾಂ ಬರೆಯೋವಾಗ ನಾವು ಅನುಭವಿಸೋ ಸೌಲಭ್ಯ ಇದೇ.

ಭಾಗ 6/8 | ಸಿ ಗೆದ್ದಿತು, ಪದ ಬದಲಾಯ್ತು

ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1970ರಲ್ಲಿ ಪ್ಯಾಸ್ಕಲ್ ಕೊಟ್ಟರು. ಅವರು ಮೇಷ್ಟ್ರು, ವಿದ್ಯಾರ್ಥಿಗಳಿಗೆ ಅಂತಲೇ ಮಾಡಿದ ಭಾಷೆ. ಅದರಲ್ಲಿ ಎರಡು ಪದ ಶಿಸ್ತಾಗಿ ಬೇರೆ ಬೇರೆ: ಬೆಲೆ ಕೊಟ್ರೆ ಫಂಕ್ಷನ್, ಇಲ್ಲದಿದ್ರೆ ಪ್ರೊಸೀಜರ್. ನಮ್ಮ ವೈವಾ ಉತ್ತರ ಸರಿಹೊಂದೋದು ಇಂಥ ಭಾಷೆಗಳಿಗೆ.

ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಸಿ ಇನ್ನೊಂದು ದಾರಿ ಹಿಡಿಯಿತು. ಸಿಯ ಅಜ್ಜ ಅನ್ನಬಹುದಾದ ಬಿಸಿಪಿಎಲ್ ಭಾಷೆಯಲ್ಲಿ ಫಂಕ್ಷನ್ ಮತ್ತು ರೂಟೀನ್ ಅಂತ ಎರಡು ಬಗೆ ಇದ್ದವು. ಸಿಯಲ್ಲಿ ಎಲ್ಲವೂ ಫಂಕ್ಷನ್. ಮುದ್ರಿಸೋದೂ ಫಂಕ್ಷನ್, ಪ್ರೋಗ್ರಾಂ ಶುರುವಾಗೋ ಮೇನ್ ಕೂಡ ಫಂಕ್ಷನ್. ಏನು ಕೊಡುತ್ತೆ ಅಂತ ಬರೀದಿದ್ರೆ ಪೂರ್ಣಾಂಕ ಕೊಡುತ್ತೆ ಅಂತ ಆಗ ಲೆಕ್ಕ ಇತ್ತು.

ಹಾಗಾದ್ರೆ ಏನೂ ಕೊಡದೇ ಬರೀ ಕೆಲಸ ಮಾಡೋದನ್ನ ಹೇಗೆ ಹೇಳೋದು? 1978ರ ಕರ್ನಿಘನ್ ಮತ್ತು ರಿಚಿ ಪುಸ್ತಕದ ಮೊದಲ ಆವೃತ್ತಿಯಲ್ಲಿ ಅದಕ್ಕೆ ಪದವೇ ಇರಲಿಲ್ಲ. ಅದಾದ ಸ್ವಲ್ಪ ಕಾಲಕ್ಕೆ "ವಾಯ್ಡ್" ಬಂತು. 1989ರ ಅಮೆರಿಕನ್ ಮಾನದಂಡದಲ್ಲಿ ಅದು ಅಧಿಕೃತವಾಯ್ತು. ಆಲ್ಗಾಲ್ 68ರಲ್ಲಿ ಈ ಪದ ಆಗಲೇ ಇತ್ತು. ಅರ್ಥ: ಖಾಲಿ.

ಈಗ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಆಲ್ಗಾಲ್ ಹೇಳಿದ್ದು: ಎಲ್ಲವೂ ಕೆಲಸವೇ, ಕೆಲವು ಕೆಲಸಗಳು ಉತ್ತರವನ್ನೂ ಕೊಡುತ್ತವೆ. ಸಿ ಹೇಳಿದ್ದು: ಎಲ್ಲವೂ ಉತ್ತರವೇ, ಕೆಲವು ಉತ್ತರಗಳು ಖಾಲಿ. ಒಂದೇ ವಿಷಯವನ್ನ ಎರಡು ತುದಿಯಿಂದ ಹಿಡಿದದ್ದು.

ಸಿ ಯುನಿಕ್ಸ್ ಜೊತೆ ಜಗತ್ತೆಲ್ಲ ಹರಡಿತು, ಅದರ ಜೊತೆ ಅದರ ಪದವೂ. ಜಾವಾಸ್ಕ್ರಿಪ್ಟ್‌ನಲ್ಲಿ ಪೂರ್ತಿ "ಫಂಕ್ಷನ್", ಗೋ ಮತ್ತು ಸ್ವಿಫ್ಟ್‌ನಲ್ಲಿ "ಫಂಕ್", ಕಾಟ್ಲಿನ್‌ನಲ್ಲಿ "ಫನ್", ರಸ್ಟ್‌ನಲ್ಲಿ ಎರಡೇ ಅಕ್ಷರ, ಎಫ್ ಎನ್. ಹಳೇ ಸಬ್‌ರೂಟೀನ್‌ನ ನೆನಪು ಉಳಿದಿರೋದು ಪರ್ಲ್‌ನ "ಸಬ್" ಮತ್ತು ವಿಷುಯಲ್ ಬೇಸಿಕ್‌ನ "ಸಬ್"ನಲ್ಲಿ. ಪದ ಚಿಕ್ಕದಾಗ್ತಾ ಹೋಯ್ತು, ಒಳಗಿದ್ದ ವ್ಯತ್ಯಾಸ ಕಣ್ಣಿಗೆ ಕಾಣದಂತಾಯ್ತು.

ಭಾಗ 7/8 | ಒಪ್ಪದೇ ಇದ್ದವರು

ಎಲ್ಲರೂ ಈ ದಾರಿಗೆ ಬರಲಿಲ್ಲ. ಬೇರೆ ಹೆಸರಿಟ್ಟವರಿಗೆಲ್ಲ ಅವರದೇ ಕಾರಣ ಇತ್ತು.

ಲಿಸ್ಪ್: ಜಾನ್ ಮೆಕಾರ್ಥಿ 1960ರ ಲೇಖನದಲ್ಲಿ ಇಡೀ ಭಾಷೆಯನ್ನ ಗಣಿತದ ಫಂಕ್ಷನ್‌ಗಳ ಮೇಲೆ ಕಟ್ಟಿದ್ರು. ಹೆಸರಿಲ್ಲದ ಫಂಕ್ಷನ್‌ಗೆ "ಲ್ಯಾಂಬ್ಡಾ" ಅನ್ನೋ ಗುರುತನ್ನ ತಂದದ್ದು 1930ರ ದಶಕದ ಅಲೊಂಝೋ ಚರ್ಚ್ ಅವರ ತರ್ಕಶಾಸ್ತ್ರದಿಂದ. ಪೈಥಾನ್‌ನಲ್ಲಿ ಲ್ಯಾಂಬ್ಡಾ ಬರೆದವರೆಲ್ಲ ಆ ಗ್ರೀಕ್ ಅಕ್ಷರಕ್ಕೆ ಋಣಿ.

ಸ್ಕೀಮ್: ಇದು ಲಿಸ್ಪ್‌ನ ಮಗು, 1975ರಲ್ಲಿ ಎಂಐಟಿಯಲ್ಲಿ ಹುಟ್ಟಿದ್ದು. ಆದ್ರೆ ಇವರು ಬಳಸೋದು "ಪ್ರೊಸೀಜರ್" ಪದವನ್ನೇ. ಏಬಲ್‌ಸನ್ ಮತ್ತು ಸಸ್‌ಮನ್ 1985ರ ಪಠ್ಯಪುಸ್ತಕದಲ್ಲಿ ಕಾರಣ ಕೊಡ್ತಾರೆ. ಗಣಿತದಲ್ಲಿ ಎಕ್ಸ್‌ನ ವರ್ಗಮೂಲ ಅಂದ್ರೆ "ಯಾವುದರ ವರ್ಗ ಎಕ್ಸ್ ಆಗುತ್ತೋ ಆ ಧನಸಂಖ್ಯೆ". ಸರಿ, ಆದ್ರೆ ಹುಡುಕೋದು ಹೇಗೆ ಅಂತ ಅದು ಹೇಳಲ್ಲ. ಹೇಗೆ ಅಂತ ಹೇಳೋದು ಪ್ರೊಸೀಜರ್. ಏನು ಅನ್ನೋದು ಗಣಿತ, ಹೇಗೆ ಅನ್ನೋದು ಪ್ರೋಗ್ರಾಮಿಂಗ್.

ಲೋಗೋ: 1967ರಲ್ಲಿ ಮಕ್ಕಳಿಗಾಗಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫೊಯರ್‌ಝೈಗ್ ಮತ್ತಿತರರು ಮಾಡಿದ ಭಾಷೆ. ಹೊಸ ಪ್ರೊಸೀಜರ್ ಬರೆಯೋಕೆ "ಟು" ಅಂತ ಶುರು ಮಾಡ್ಬೇಕು. ಇಂಗ್ಲಿಷ್ ವ್ಯಾಕರಣದಲ್ಲಿ ಕ್ರಿಯಾಪದದ ಮುಂದೆ ಬರೋ "ಟು" ಅದು. ಅಂದ್ರೆ ಮಗು ಕಂಪ್ಯೂಟರ್‌ಗೆ ಹೊಸ ಕ್ರಿಯಾಪದ ಕಲಿಸ್ತಿದೆ.

ಫೋರ್ತ್: ಚಾರ್ಲ್ಸ್ ಮೂರ್ ಅವರ ಭಾಷೆ. ಇಲ್ಲಿ ಎಲ್ಲಕ್ಕೂ "ವರ್ಡ್" ಅಂತಲೇ ಹೆಸರು, ಅವೆಲ್ಲ ಇರೋ ಜಾಗಕ್ಕೆ "ಡಿಕ್ಷನರಿ".

ಸ್ಮಾಲ್‌ಟಾಕ್: 1970ರ ದಶಕದಲ್ಲಿ ಝೆರಾಕ್ಸ್ ಪಾರ್ಕ್‌ನಲ್ಲಿ ಅಲನ್ ಕೇ, ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಅವರ ತಂಡ ಬೆಳೆಸಿದ್ದು. ಇಲ್ಲಿ ಯಾರೂ ಯಾರನ್ನೂ "ಕಾಲ್" ಮಾಡಲ್ಲ. ವಸ್ತುವಿಗೆ ಸಂದೇಶ ಕಳಿಸ್ತೀವಿ, ಅದಕ್ಕೆ ಹೇಗೆ ಸ್ಪಂದಿಸಬೇಕು ಅನ್ನೋ ವಿಧಾನ ಆ ವಸ್ತುವಿನ ಬಳಿ ಇರುತ್ತೆ. ಅದೇ "ಮೆಥಡ್". 1995ರಲ್ಲಿ ಬಂದ ಜಾವಾ ಈ ಪದವನ್ನ ಮನೆಮನೆಗೆ ಮುಟ್ಟಿಸ್ತು.

ಹ್ಯಾಸ್ಕೆಲ್: 1990ರದ್ದು. ಇವರು ಆಯ್ಲರ್ ಕಾಲದ ಅರ್ಥಕ್ಕೇ ಮರಳಿದ್ರು. ಫಂಕ್ಷನ್ ಅಂದ್ರೆ ಒಂದೇ ಒಳಹರಿವಿಗೆ ಯಾವಾಗಲೂ ಒಂದೇ ಉತ್ತರ. ಮುದ್ರಿಸೋದು, ಫೈಲ್ ಓದೋದು ಇಂಥ ಕೆಲಸ ಇದ್ರೆ ಅದು ಟೈಪ್‌ನಲ್ಲೇ ಎದ್ದು ಕಾಣಬೇಕು.

ಭಾಗ 8/8 | ಇಷ್ಟೆಲ್ಲ ತಿಳ್ಕೊಂಡು ನಮಗೇನು ಲಾಭ?

ಪೈಥಾನ್‌ಗೆ ಬನ್ನಿ. ಅಲ್ಲಿ ಎಲ್ಲಕ್ಕೂ ಒಂದೇ ಪದ, "ಡೆಫ್". ಕ್ಲಾಸಿನಲ್ಲಿ ಮತ್ತೆ ಮತ್ತೆ ಕಾಣೋ ದೃಶ್ಯ ಇದು. ಎರಡು ಸಂಖ್ಯೆ ಕೂಡಿಸೋ ಫಂಕ್ಷನ್ ಬರೀತಾರೆ, ಒಳಗೆ ರಿಟರ್ನ್ ಬದಲು ಪ್ರಿಂಟ್ ಹಾಕ್ತಾರೆ. 2 ಮತ್ತು 3 ಕೊಟ್ರೆ ಸ್ಕ್ರೀನ್ ಮೇಲೆ 5 ಬರುತ್ತೆ. "ಸರಿ ಬಂತಲ್ಲ!" ಆಮೇಲೆ ಆ ಉತ್ತರವನ್ನ ಎಕ್ಸ್‌ನಲ್ಲಿ ಇಟ್ಟು 1 ಕೂಡಿಸ್ತಾರೆ. ಕೆಂಪು ಅಕ್ಷರದಲ್ಲಿ ಟೈಪ್ ಎರರ್. ಯಾಕಂದ್ರೆ ಎಕ್ಸ್‌ನಲ್ಲಿ ಇರೋದು 5 ಅಲ್ಲ, "ನನ್".

ಇದು ದಡ್ಡತನ ಅಲ್ಲ. ಭಾಷೆ ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟಿದೆ, ಕಣ್ಣು ಮೋಸ ಹೋಗುತ್ತೆ. ಅವರು ಬರೆದದ್ದು ಕ್ರಿಯಾಪದ, ಬಳಸಿದ್ದು ನಾಮಪದದ ಜಾಗದಲ್ಲಿ. ಫೋರ್ಟ್ರಾನ್ 2 ಆಗಿದ್ರೆ ಸಬ್‌ರೂಟೀನ್‌ಗೆ "ಕಾಲ್" ಬೇಕು ಅನ್ನೋ ನಿಯಮವೇ ಎಚ್ಚರಿಸ್ತಿತ್ತು. ಪ್ಯಾಸ್ಕಲ್ ಆಗಿದ್ರೆ ಪ್ರೋಗ್ರಾಂ ಓಡೋ ಮೊದಲೇ ಕಂಪೈಲರ್ ತಡೀತಿತ್ತು. ಇಲ್ಲಿ ಆ ಎಚ್ಚರಿಕೆಯನ್ನ ನಾವೇ ಇಟ್ಕೋಬೇಕು.

ಐಫೆಲ್ ಭಾಷೆ ರೂಪಿಸಿದ ಬರ್ಟ್ರಾಂಡ್ ಮೇಯರ್ 1988ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ನಿಯಮ ಕೊಟ್ರು: ಆಜ್ಞೆ ಬೇರೆ, ಪ್ರಶ್ನೆ ಬೇರೆ. ಪ್ರಶ್ನೆ ಕೇಳಿದ ಮಾತ್ರಕ್ಕೆ ಉತ್ತರ ಬದಲಾಗಬಾರದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಖಾತೆಯಲ್ಲಿ ಎಷ್ಟಿದೆ ಅಂತ ನೋಡಿದ್ದಕ್ಕೇ ದುಡ್ಡು ಕಡಿಮೆ ಆಗಬಾರದು. ಬ್ಯಾಲೆನ್ಸ್ ತೋರಿಸೋ ಫಂಕ್ಷನ್ ಒಳಗೆ ಯಾರೋ ಸದ್ದಿಲ್ಲದೆ ಒಂದು ಕಡಿತ ಸೇರಿಸಿದ್ರೆ, ಅದನ್ನ ಎರಡು ಸಲ ಕರೆದವರ ಗತಿ ಯೋಚಿಸಿ.

ಹಾಗಾಗಿ ಮುಂದಿನ ಸಲ ಡೆಫ್ ಅಂತ ಟೈಪ್ ಮಾಡೋವಾಗ ಎರಡೇ ಪ್ರಶ್ನೆ ಕೇಳ್ಕೊಳ್ಳಿ. ಇದು ಏನು ಕೊಡುತ್ತೆ? ಇದು ಏನು ಮಾಡುತ್ತೆ? ಕೊಡೋದಾದ್ರೆ ನಾಮಪದದ ಹೆಸರಿಡಿ: "ಒಟ್ಟು", "ಸರಾಸರಿ". ಮಾಡೋದಾದ್ರೆ ಕ್ರಿಯಾಪದ: "ಮುದ್ರಿಸು", "ಅಳಿಸು". ಎರಡನ್ನೂ ಮಾಡ್ತಿದ್ರೆ ಎರಡು ಭಾಗ ಮಾಡೋಕೆ ಆಗುತ್ತಾ ನೋಡಿ.

ವೈವಾದಲ್ಲಿ ಆ ಪ್ರಶ್ನೆ ಬಂದ್ರೆ ಮೊದಲು ವಿನಯದಿಂದ ಕೇಳಿ: "ಯಾವ ಭಾಷೆಯಲ್ಲಿ, ಮೇಡಂ?" ಆಮೇಲೆ ಉತ್ತರ ಹೇಳಿ. ಹೇಳೋಕೆ ಈಗ ಒಂದು ಸಾಲಿಗಿಂತ ಜಾಸ್ತಿ ಇದೆ.

ನೀವು ಮೊದಲು ಕಲಿತ ಭಾಷೆಯಲ್ಲಿ ಇದಕ್ಕೆ ಏನಂತಿದ್ರು? ಕಾಮೆಂಟ್‌ನಲ್ಲಿ ಬರೀರಿ. ಪ್ರಿಂಟ್‌ಗೂ ರಿಟರ್ನ್‌ಗೂ ಗೊಂದಲ ಆಗ್ತಿರೋ ಗೆಳೆಯರಿಗೆ ಐದನೇ ಮತ್ತು ಎಂಟನೇ ಭಾಗ ಕಳಿಸಿ.

#ಕನ್ನಡದಲ್ಲಿಕೋಡಿಂಗ್ #ಪದಗಳಕಥೆ #ಕಂಪ್ಯೂಟರ್‌ಇತಿಹಾಸ #ಫಂಕ್ಷನ್‌ಅಂದ್ರೆಊಟಅಲ್ಲ